ಚಮಚ ಓರೆ ಮಾಡಿ ನೋಡಿ: ಮಗುವಿನ ಮೊದಲ ಊಟದ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಈಗ 7 ತಿಂಗಳು. 6 ತಿಂಗಳು ತುಂಬುವವರೆಗೆ ನನ್ನ ಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಆಮೇಲೆ ಸುಲಭವಾಗಿ ಜೀರ್ಣವಾಗಲಿ ಅಂತ ಅನ್ನದ ತಿಳಿ, ತೆಳು ಗಂಜಿ, ಬೇಳೆ ಬೇಯಿಸಿದ ನೀರು, ಸೇಬಿನ ರಸ ಶುರು ಮಾಡಿದೆವು. ಚಮಚದಲ್ಲಿ ಕೊಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುತ್ತಾಳೆ. ಹಾಗಾಗಿ ಗಂಜಿಯನ್ನು ಬಾಟಲಿಗೆ ಹಾಕಿ ಕುಡಿಸುತ್ತೇನೆ. ಹುಟ್ಟಿದ ಹೊಸದರಲ್ಲಿ ತಿಂಗಳಿಗೆ ಮುಕ್ಕಾಲು ಕಿಲೋ ಮೇಲೆ ಏರುತ್ತಿದ್ದ ತೂಕ ಕಳೆದ ತಿಂಗಳು 300 ಗ್ರಾಂ ಅಷ್ಟೇ ಏರಿದೆ. ಈಗ 7.2 ಕಿಲೋ ಇದ್ದಾಳೆ. ನಾವು ಮಾಂಸ ತಿನ್ನುವವರಲ್ಲ, ಮೊಟ್ಟೆ ತಿನ್ನುತ್ತೇವೆ. ಆದರೆ ವರ್ಷ ತುಂಬುವ ತನಕ ಮಗುವಿಗೆ ಮೊಟ್ಟೆ, ಕಡಲೆಕಾಯಿ ಎರಡೂ ಬೇಡ ಅಂತ ಅತ್ತೆ ಹೇಳುತ್ತಾರೆ. ನನಗೋ, ಗಟ್ಟಿ ಏನಾದರೂ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಂಡೀತು ಅನ್ನುವ ಭಯ. ಮಲಗುವ ಮುಂಚೆ ಹೊಟ್ಟೆ ತುಂಬ ಗಂಜಿ ಕೊಟ್ಟರೆ ರಾತ್ರಿ ಏಳುವುದಿಲ್ಲವಂತೆ, ನಿಜವಾ? ಏನು ಕೊಡಬೇಕು, ಎಷ್ಟು ಕೊಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ಪ್ರಶ್ನೆಗಳು ತುಂಬಾ ಇವೆ. ಆದರೆ ಎಲ್ಲದರ ಬುಡದಲ್ಲಿರುವ ಚಿಂತೆ ಒಂದೇ, ಅಲ್ವಾ? ಮಗಳು ಮೊದಲಿನ ಹಾಗೆ ಬೆಳೆಯುತ್ತಿಲ್ಲ, ನಾನು ಕೊಡುವ ಊಟದಲ್ಲೇ ಏನೋ ಕೊರತೆ ಇದೆಯೇನೋ ಅಂತ. ತೂಕದ ಬಗ್ಗೆ ನೀವು ಹೆದರಬೇಕಿಲ್ಲ. ಊಟದ ಬಗ್ಗೆ ಮಾತ್ರ ನಿಮ್ಮ ಅನುಮಾನ ಸರಿ.

ತೂಕದ ವಿಷಯ ಮೊದಲು ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯನ್ನು ನಾವು ಡಾಕ್ಟರುಗಳು ದಿನಾ ನೋಡುತ್ತೇವೆ. ಅದರಲ್ಲಿ ನಡುಮಟ್ಟದ ಹೆಣ್ಣು ಮಗು ಹುಟ್ಟುವಾಗ 3.2 ಕಿಲೋ, 3 ತಿಂಗಳಿಗೆ 5.8, 6 ತಿಂಗಳಿಗೆ 7.3, ವರ್ಷ ತುಂಬಿದಾಗ 8.9. ಲೆಕ್ಕ ಹಾಕಿ. ಮೊದಲ 3 ತಿಂಗಳಲ್ಲಿ 2.6 ಕಿಲೋ ಏರಿದ ಮಗು, 6ರಿಂದ 12 ತಿಂಗಳ ನಡುವೆ ಏರುವುದು 1.6 ಕಿಲೋ. ಅಂದರೆ ತಿಂಗಳಿಗೆ ಸುಮಾರು 270 ಗ್ರಾಂ. ನಿಮ್ಮ ಮಗಳು 300 ಏರಿದ್ದಾಳೆ. 7 ತಿಂಗಳಿಗೆ 7.2 ಕಿಲೋ ಅನ್ನುವುದು ನಡುಗೆರೆಗಿಂತ ತುಸು ಕೆಳಗೆ, ಅಷ್ಟೇ. ಎಲ್ಲ ಮಕ್ಕಳೂ ಈ ವಯಸ್ಸಿಗೆ ನಿಧಾನವಾಗುತ್ತಾರೆ. ಇನ್ನೊಂದು ಮಾತು: ತೂಕ ನೋಡುವಾಗ ಡೈಪರ್ ಬಿಚ್ಚಿ, ಅದೇ ತಕ್ಕಡಿಯಲ್ಲಿ ನೋಡಿ. ತುಂಬಿದ ಡೈಪರ್ ಒಂದೇ 200 ಗ್ರಾಂ ತೂಗಬಹುದು. ಅದನ್ನು ಮಗುವಿನ ಬೆಳವಣಿಗೆ ಅಂದುಕೊಂಡು ಖುಷಿಪಟ್ಟವರೂ ಇದ್ದಾರೆ, ಮುಂದಿನ ತಿಂಗಳು ಅತ್ತವರೂ ಇದ್ದಾರೆ.

ಇನ್ನು ಊಟಕ್ಕೆ ಬರೋಣ. ನನ್ನ ಹತ್ತಿರ ಬರುವ ತಾಯಂದಿರಿಗೆ ಒಂದು ಮಾತು ಹೇಳಿರುತ್ತೇನೆ: ಮಗುವಿಗೆ ಇವತ್ತು ಏನು ತಿನ್ನಿಸಿದಿರೋ ಅದನ್ನೇ ಸ್ವಲ್ಪ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಬಾಯಿಮಾತಿನಲ್ಲಿ ಎಲ್ಲರೂ 'ಗಂಜಿ' ಅಂತಲೇ ಹೇಳುತ್ತಾರೆ. ಡಬ್ಬಿ ತೆರೆದಾಗ ಗೊತ್ತಾಗುವುದು ಬೇರೆ. ಒಮ್ಮೆ ಒಬ್ಬ ತಾಯಿ ತುಂಬಾ ಅಕ್ಕರೆಯಿಂದ ಮಾಡಿದ ಗಂಜಿ ತಂದಿದ್ದರು. ಎರಡು ಸಲ ಸೋಸಿದ್ದು, ಒಂದು ಗಂಟೂ ಇಲ್ಲ. ನಾನು ಒಂದು ಚಮಚ ತೆಗೆದು ಓರೆ ಮಾಡಿದೆ. ನೀರು ಸುರಿದ ಹಾಗೆ ಸುರಿದು ನನ್ನ ಚೀಟಿ ಪುಸ್ತಕ ಒದ್ದೆಯಾಯಿತು. ಚಮಚದ ತಳದಲ್ಲಿ ಬಿಳಿ ಮಸುಕು ಮಾತ್ರ ಉಳಿಯಿತು. ಆ ತಾಯಿ ನಕ್ಕರು, ಆಮೇಲೆ ಅವರ ಮುಖ ಸಣ್ಣಗಾಯಿತು. ಅವರು ಸೋಮಾರಿಯಲ್ಲ, ಅಡುಗೆ ಬಾರದವರೂ ಅಲ್ಲ. ಸೋಸಿ ಸೋಸಿ, ತೆಳು ಮಾಡಿ ಮಾಡಿ, ಊಟವನ್ನೇ ಹೊರಗೆ ಹಾಕಿದ್ದರು.

ಇದರ ಲೆಕ್ಕ ಬಹಳ ಸರಳ. 10 ಗ್ರಾಂ ಅಕ್ಕಿ ಹಿಟ್ಟಿನಲ್ಲಿ ಸುಮಾರು 35 ಕ್ಯಾಲೊರಿ ಇದೆ. ಅದನ್ನು ಒಂದು ಲೋಟ ನೀರಿನಲ್ಲಿ ಕುದಿಸಿ 200 ಮಿ.ಲೀ. ಗಂಜಿ ಮಾಡಿದರೆ ಆ ಇಡೀ ಲೋಟದಲ್ಲಿರುವುದೂ ಅದೇ 35 ಕ್ಯಾಲೊರಿ. ಅಷ್ಟೇ ಎದೆಹಾಲು ಕುಡಿದಿದ್ದರೆ 130ಕ್ಕಿಂತ ಜಾಸ್ತಿ ಸಿಗುತ್ತಿತ್ತು. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ನಿಮ್ಮ ಮಗಳಿಗೆ ಅದು 215 ಮಿ.ಲೀ. ಆಗುತ್ತದೆ. ಅಂದರೆ ಒಂದು ಲೋಟ ತೆಳು ಗಂಜಿ ಕುಡಿದರೆ ಹೊಟ್ಟೆ ತುಂಬಿತು. ಹಾಲಿಗೆ ಜಾಗವೇ ಇಲ್ಲ. ಮಗು ತೃಪ್ತಿಯಾಗಿ ಕಾಣುತ್ತದೆ, ಆದರೆ ಒಳಗೆ ಹೋದದ್ದು ನೀರು. ಬೇಳೆ ಬೇಯಿಸಿದ ನೀರಿನ ಕಥೆಯೂ ಇದೇ. ಬೇಳೆಯ ಸತ್ವ ಬೇಳೆಯಲ್ಲೇ ಉಳಿದಿರುತ್ತದೆ. ಅದನ್ನು ದೊಡ್ಡವರು ತಿಂದು, ಬಣ್ಣದ ನೀರನ್ನು ಮಗುವಿಗೆ ಕೊಡುತ್ತೇವೆ!

'ತೆಳು ಇದ್ದರೆ ಬೇಗ ಜೀರ್ಣ' ಅನ್ನುವ ನಂಬಿಕೆ ಎಲ್ಲಿಂದ ಬಂತು ಅಂತ ಊಹಿಸಬಹುದು. ಕಾಯಿಲೆ ಬಿದ್ದವರಿಗೆ ತೆಳು ಊಟ ಕೊಡುತ್ತೇವಲ್ಲ, ಮಗುವೂ ಹಾಗೇ ನಾಜೂಕು ಅನ್ನುವ ಭಾವನೆ. ಆದರೆ 6 ತಿಂಗಳು ತುಂಬಿದ ಆರೋಗ್ಯವಂತ ಮಗು ರೋಗಿಯಲ್ಲ. ಚೆನ್ನಾಗಿ ಬೇಯಿಸಿ ನುಣ್ಣಗೆ ಕಿವುಚಿದ ಧಾನ್ಯ, ಬೇಳೆ, ತರಕಾರಿ, ಎಣ್ಣೆ ಎಲ್ಲವನ್ನೂ ಅರಗಿಸಿಕೊಳ್ಳುವ ಶಕ್ತಿ ಅದರ ಹೊಟ್ಟೆಗೆ ಬಂದಿರುತ್ತದೆ. ಹಾಗಾಗಿ ನನ್ನ ಪರೀಕ್ಷೆ ಒಂದೇ: ಚಮಚ ಓರೆ ಮಾಡಿದರೆ ಊಟ ಸುರಿಯಬಾರದು. ಅಂಟಿಕೊಂಡು ನಿಧಾನಕ್ಕೆ ಜಾರಬೇಕು.

ಗಟ್ಟಿ ಮಾಡಿದರೆ ಮಗು ನುಂಗುವುದಿಲ್ಲ ಅನ್ನಿಸಿದರೆ ನೀರು ಸುರಿಯಬೇಡಿ. ನಿಮ್ಮದೇ ಹಾಲು ಹಿಂಡಿ ಬೆರೆಸಿ ಹದ ಮಾಡಿ. ಒಂದು ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಹಾಕಿ. ಊಟ ಜಾರುವಂತೆ ಆಗುತ್ತದೆ, ಜೊತೆಗೆ ಹತ್ತಿರ ಹತ್ತಿರ 40 ಕ್ಯಾಲೊರಿ ಸೇರುತ್ತದೆ. ಇನ್ನೊಂದು ಉಪಾಯವೂ ಇದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದ ಧಾನ್ಯದ ಹಿಟ್ಟನ್ನು ಒಂದು ಚಿಟಿಕೆ, ಬಿಸಿಯಾಗಿರುವ ಗಟ್ಟಿ ಗಂಜಿಗೆ ಹಾಕಿ ಕಲಕಿ. ಕೆಲವೇ ನಿಮಿಷದಲ್ಲಿ ಗಂಜಿ ಕಣ್ಣೆದುರೇ ತೆಳುವಾಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೀಗಾಗುತ್ತದೆ. ಹಿಟ್ಟು ಅಷ್ಟೇ ಇರುತ್ತದೆ, ಕ್ಯಾಲೊರಿಯೂ ಅಷ್ಟೇ ಇರುತ್ತದೆ. ನನ್ನ ಚಮಚದ ಪರೀಕ್ಷೆ ಸೋಲುವುದು ಇಲ್ಲೊಂದೇ ಕಡೆ. ಆದರೆ ಹೀಗೆ ತೆಳುವಾದ ಮೇಲೆ ಇನ್ನೊಂದು ಸಲ ಚೆನ್ನಾಗಿ ಕುದಿಸಿಯೇ ಕೊಡಿ. ಮೊಳಕೆ ಬರಿಸುವಾಗ ಕ್ರಿಮಿ ಬೆಳೆಯುವುದು ಸುಲಭ.

ಕ್ಯಾಲೊರಿಗಿಂತ ನನಗೆ ಜಾಸ್ತಿ ಯೋಚನೆ ಕಬ್ಬಿಣಾಂಶದ್ದು. ತಿಂಗಳು ತುಂಬಿ ಹುಟ್ಟಿದ ಮಗು ತನ್ನ ಮೈಯಲ್ಲಿ ಪ್ರತಿ ಕಿಲೋಗೆ ಸುಮಾರು 75 ಮಿ.ಗ್ರಾಂ. ಕಬ್ಬಿಣ ಹೊತ್ತುಕೊಂಡು ಬರುತ್ತದೆ. ಇದರಲ್ಲಿ ಹೆಚ್ಚಿನದು ಬಸಿರಿನ ಕೊನೆಯ 3 ತಿಂಗಳಲ್ಲಿ ತಾಯಿಯಿಂದ ಬಂದದ್ದು. ಅದಕ್ಕೇ ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಕಡಿಮೆ. ಮಗು ಬೆಳೆದ ಹಾಗೆ ರಕ್ತವೂ ಹೆಚ್ಚಬೇಕು, ಆ ಕಬ್ಬಿಣ ಖರ್ಚಾಗುತ್ತಾ ಹೋಗುತ್ತದೆ. 6 ತಿಂಗಳ ಹೊತ್ತಿಗೆ ಉಗ್ರಾಣ ಖಾಲಿಯಾಗುತ್ತಾ ಬಂದಿರುತ್ತದೆ. ಎದೆಹಾಲು ಎಷ್ಟೇ ಒಳ್ಳೆಯದಾದರೂ ಒಂದು ಲೀಟರ್‌ನಲ್ಲಿ ಅರ್ಧ ಮಿ.ಗ್ರಾಂ. ಕಬ್ಬಿಣವೂ ಇರುವುದಿಲ್ಲ. ಇದು ತಾಯಿಯ ದೋಷವಲ್ಲ. ನೀವು ಎಷ್ಟೇ ಕಬ್ಬಿಣಾಂಶ ತಿಂದರೂ ಹಾಲಿನಲ್ಲಿ ಅದು ಜಾಸ್ತಿ ಆಗುವುದಿಲ್ಲ.

ಅಮೆರಿಕದ ಪೌಷ್ಟಿಕತೆಯ ಮಾನದಂಡದ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ. ಕಬ್ಬಿಣ ಬೇಕು. ಬೆಳೆದ ಗಂಡಸಿಗೆ ಅದೇ ಪಟ್ಟಿಯಲ್ಲಿ 8 ಮಿ.ಗ್ರಾಂ. ಅಂದರೆ ನಿಮ್ಮ ಏಳು ಕಿಲೋ ಮಗಳಿಗೆ ಅವಳ ಅಪ್ಪನಿಗಿಂತ ಜಾಸ್ತಿ ಬೇಕು! ಬೇರೆ ದೇಶಗಳ ಪಟ್ಟಿಯಲ್ಲಿ ಅಂಕಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಕಾರಣ ಮಾತ್ರ ಒಂದೇ: ಈ ಕಾಲದಲ್ಲಿ ಮಿದುಳು ಭರದಿಂದ ಬೆಳೆಯುತ್ತಿರುತ್ತದೆ, ನರಗಳ ಮೇಲಿನ ಹೊದಿಕೆ ಕಟ್ಟಲು ಕಬ್ಬಿಣ ಬೇಕು. ಕಣ್ಣು, ನಾಲಿಗೆ ಬಿಳಿಚಿಕೊಳ್ಳುವುದು ಕೊನೆಯ ಹಂತ. ಅದಕ್ಕಿಂತ ತುಂಬಾ ಮುಂಚೆಯೇ ಮೈಯೊಳಗಿನ ಸಂಗ್ರಹ ಮುಗಿದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಇಲ್ಲೇ ಸೇಬಿನ ವಿಷಯ ಹೇಳಿಬಿಡುತ್ತೇನೆ. ಕತ್ತರಿಸಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಕಬ್ಬಿಣ ಇದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ತುಕ್ಕಲ್ಲ. ಹಣ್ಣಿನಲ್ಲಿರುವ ಒಂದು ಕಿಣ್ವ ಗಾಳಿ ತಾಗಿದಾಗ ಮಾಡುವ ಕೆಲಸ. 100 ಗ್ರಾಂ ಸೇಬಿನಲ್ಲಿರುವ ಕಬ್ಬಿಣ 0.1 ಮಿ.ಗ್ರಾಂ. ಆಸುಪಾಸು. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದೂ ಇಲ್ಲ. ಆ ಕೆಂಪು ಬರೀ ಬಣ್ಣ. ಎರಡೂ ತಿನ್ನಲು ಒಳ್ಳೆಯವೇ, ಆದರೆ ಕಬ್ಬಿಣಕ್ಕೆ ನಂಬಿಕೊಳ್ಳುವಂಥವಲ್ಲ. ಇನ್ನು ಹಣ್ಣಿನ ರಸವನ್ನು ವರ್ಷ ತುಂಬುವ ತನಕ ಕೊಡಲೇಬೇಡಿ. ಸಿಹಿ ನೀರು ಹೊಟ್ಟೆಯ ಜಾಗ ಹಿಡಿಯುತ್ತದೆ, ಹೊಸ ಹಲ್ಲು ಹಾಳಾಗುತ್ತದೆ. ಹಣ್ಣನ್ನೇ ಬೇಯಿಸಿ ಅಥವಾ ಹಿಸುಕಿ ಕೊಡಿ.

ಹಾಗಾದರೆ ಮಾಂಸ ತಿನ್ನದ ಮನೆಯಲ್ಲಿ ಏನು ಮಾಡುವುದು? ದಾರಿ ಮೂರಿವೆ, ಮೂರಕ್ಕೂ ಅದರದರ ತೊಡಕು ಇದೆ.

ಮೊದಲನೆಯದು ಬೇಳೆಕಾಳು. ಬೆಂದ 100 ಗ್ರಾಂ ಬೇಳೆಯಲ್ಲಿ ಸುಮಾರು 3 ಮಿ.ಗ್ರಾಂ. ಕಬ್ಬಿಣ ಸಿಗಬಹುದು. ಆದರೆ ಗಿಡದಿಂದ ಬರುವ ಕಬ್ಬಿಣ ಮೈಗೆ ಹಿಡಿಯುವುದು ಕಷ್ಟ. ಕಾಳಿನಲ್ಲಿರುವ ಫೈಟೇಟ್ ಅನ್ನುವ ವಸ್ತು ಅದನ್ನು ಕಟ್ಟಿಹಾಕುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿದರೆ ಫೈಟೇಟ್ ಸ್ವಲ್ಪ ಇಳಿಯುತ್ತದೆ. ಬಡಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿ, ಇಲ್ಲವೇ ಟೊಮೆಟೊ ಸೇರಿಸಿ, ಇಲ್ಲವೇ ಜೊತೆಯಲ್ಲೇ ಒಂದೆರಡು ತೊಳೆ ಕಿತ್ತಳೆಯ ತಿರುಳು ಕೊಡಿ. ಸಿ ವಿಟಮಿನ್ ಇದ್ದರೆ ಅದೇ ಬೇಳೆಯಿಂದ ಜಾಸ್ತಿ ಕಬ್ಬಿಣ ಸಿಗುತ್ತದೆ. ಇದು ಸಣ್ಣ ಕೆಲಸ ಅನ್ನಿಸಬಹುದು, ಆದರೆ ಸಸ್ಯಾಹಾರದಲ್ಲಿ ಇದನ್ನು ಬಿಟ್ಟರೆ ಅರ್ಧ ಶ್ರಮ ವ್ಯರ್ಥ. ತೊಡಕು ಏನೆಂದರೆ, ಮಗು ತಿನ್ನುವುದು ಮೂರು ನಾಲ್ಕು ಚಮಚ. ಅಷ್ಟರಲ್ಲಿ 11 ಮಿ.ಗ್ರಾಂ. ಮುಟ್ಟುವುದು ಕಷ್ಟವೇ.

ಎರಡನೆಯದು, ಕಬ್ಬಿಣ ಬೆರೆಸಿ ಬರುವ ಅಂಗಡಿಯ ಶಿಶು ಧಾನ್ಯ. ನಾನು ಇದರ ವಿರೋಧಿಯಲ್ಲ. 'ಡಬ್ಬಿ ಊಟ' ಅಂತ ಮೂಗು ಮುರಿಯುವವರ ನಡುವೆ ಇದನ್ನು ಹೇಳಲೇಬೇಕು: ಮಾಂಸ ತಿನ್ನದ ಮಗುವಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಡಬ್ಬಿಯ ಮುಂದಿರುವ ಗುಂಡುಗುಂಡಾದ ಮಗುವಿನ ಚಿತ್ರ ನೋಡಬೇಡಿ. ಹಿಂದೆ ತಿರುಗಿಸಿ, ಏನೇನು ಹಾಕಿದ್ದಾರೆ ಅನ್ನುವ ಸಣ್ಣ ಅಕ್ಷರ ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಸಕ್ಕರೆ, ಗ್ಲೂಕೋಸ್, ಹಣ್ಣಿನ ರಸದ ಸಾರ ಇವು ಮೊದಲ ಮೂರು ನಾಲ್ಕು ಹೆಸರಿನಲ್ಲಿ ಇದ್ದರೆ ಅಲ್ಲೇ ಇಟ್ಟು ಬನ್ನಿ. ಬರೀ ಅಕ್ಕಿಯದ್ದನ್ನೇ ಮೂರು ಹೊತ್ತೂ ಕೊಡಬೇಡಿ. ಅಕ್ಕಿ ಮಣ್ಣಿನಿಂದ ಆರ್ಸೆನಿಕ್ಕನ್ನು ಬೇರೆ ಧಾನ್ಯಗಳಿಗಿಂತ ಜಾಸ್ತಿ ಹೀರುತ್ತದೆ. ಗೋಧಿ, ಓಟ್ಸ್, ಜೋಳ ಹೀಗೆ ಬದಲಾಯಿಸುತ್ತಾ ಇದ್ದರೆ ಆಯಿತು.

ಮೂರನೆಯದು ಕಬ್ಬಿಣಾಂಶದ ಹನಿ. ನಿಮ್ಮ ಮಗುವಿನ ಡಾಕ್ಟರು ತೂಕ ನೋಡಿ ಬರೆದುಕೊಟ್ಟರೆ ಹಿಂಜರಿಯಬೇಡಿ. ಮಲ ಕಪ್ಪಾಗುತ್ತದೆ, ಕೆಲವರಿಗೆ ಸ್ವಲ್ಪ ಗಟ್ಟಿಯಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅವರಿವರು ಹೇಳಿದರು ಅಂತ ನೀವೇ ತಂದು ಹಾಕಬೇಡಿ. ಸೀಸೆಯನ್ನೂ, ನಿಮ್ಮ ಕಬ್ಬಿಣದ ಮಾತ್ರೆಗಳನ್ನೂ ಬೀಗದೊಳಗೆ ಇಡಿ. ಚಿಕ್ಕ ಮಕ್ಕಳಿಗೆ ಅದರ ಪ್ರಮಾಣ ಮೀರಿದರೆ ವಿಷ. ಇನ್ನೆರಡು ತಿಂಗಳಲ್ಲಿ ನಿಮ್ಮ ಮಗಳು ತೆವಳಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತಾಳೆ.

ಇದನ್ನು ಓದುತ್ತಿರುವ, ಮಾಂಸ ತಿನ್ನುವ ಮನೆಯವರಿಗೂ ಒಂದು ಮಾತು. ನುಣ್ಣಗೆ ಕೊಚ್ಚಿ ಬೇಯಿಸಿದ ಮಾಂಸ, ಮೀನು 6 ತಿಂಗಳಿಂದಲೇ ಕೊಡಬಹುದು. ಬರೀ ಸಾರು ಮಾತ್ರ ಕುಡಿಸಿ ತೃಪ್ತಿಪಡಬೇಡಿ, ಬೇಳೆ ನೀರಿನ ಕಥೆಯೇ ಅಲ್ಲೂ ನಡೆಯುತ್ತದೆ. ಯಕೃತ್ತು ಅಂದರೆ ಲಿವರ್ ವಾರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಬೇಡ, ಅದರಲ್ಲಿ ಎ ವಿಟಮಿನ್ ವಿಪರೀತ. ಮೊಟ್ಟೆ, ಹಾಲು, ಮೊಸರು ಯಾವುದನ್ನೂ ಮುಟ್ಟದ ತಾಯಂದಿರು ಬಿ12 ಬಗ್ಗೆ ಡಾಕ್ಟರ ಹತ್ತಿರ ಮಾತಾಡಲೇಬೇಕು. ತಾಯಿಯಲ್ಲಿ ಇಲ್ಲದ ಬಿ12 ಹಾಲಿನಲ್ಲೂ ಇರುವುದಿಲ್ಲ. ಕೊರತೆ ಆದರೆ ಮಗುವಿನ ನರಗಳಿಗೆ ಪೆಟ್ಟು ಬೀಳುತ್ತದೆ.

ಈಗ ಮೊಟ್ಟೆ, ಕಡಲೆಕಾಯಿ. ಅತ್ತೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರ ಮಾತು ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ, ನಮ್ಮಂಥ ಡಾಕ್ಟರುಗಳೇ ಹೇಳುತ್ತಿದ್ದದ್ದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ, ಅಲರ್ಜಿಯ ಅಪಾಯ ಜಾಸ್ತಿ ಇರುವ ಮಕ್ಕಳಿಗೆ 2 ವರ್ಷದ ತನಕ ಮೊಟ್ಟೆ ಬೇಡ, 3 ವರ್ಷದ ತನಕ ಕಡಲೆಕಾಯಿ ಬೇಡ ಅಂತ ಸಲಹೆ ಕೊಟ್ಟಿತ್ತು. ಅದು ಎಲ್ಲ ಮಕ್ಕಳಿಗೂ ಅನ್ವಯ ಅನ್ನುವ ಹಾಗೆ ಹಬ್ಬಿತು. ನಾನೂ ಎಷ್ಟೋ ತಾಯಂದಿರಿಗೆ ಹಾಗೇ ಹೇಳಿದ್ದೇನೆ. 2008ರಲ್ಲಿ ಆ ಸಂಘವೇ, ತಡ ಮಾಡುವುದರಿಂದ ಅಲರ್ಜಿ ತಪ್ಪುತ್ತದೆ ಅನ್ನಲು ಆಧಾರ ಸಾಲದು ಅಂತ ಹಿಂದೆ ಸರಿಯಿತು. 2015ರಲ್ಲಿ ಲಂಡನ್ನಿನ ಒಂದು ಪ್ರಯೋಗದ ಫಲಿತಾಂಶ ಬಂದಾಗ ಇಡೀ ಮಾತೇ ತಿರುವುಮುರುವಾಯಿತು. 4ರಿಂದ 11 ತಿಂಗಳ, ಜೋರಾದ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಮಕ್ಕಳು. ಅರ್ಧ ಮಕ್ಕಳಿಗೆ ಕಡಲೆಕಾಯಿಯ ತಿನಿಸು ಕೊಟ್ಟರು, ಅರ್ಧ ಮಕ್ಕಳನ್ನು ಅದರಿಂದ ದೂರ ಇಟ್ಟರು. 5 ವರ್ಷಕ್ಕೆ ನೋಡಿದಾಗ, ದೂರ ಇಟ್ಟವರಲ್ಲಿ 100ಕ್ಕೆ 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ. ತಿಂದವರಲ್ಲಿ 100ಕ್ಕೆ 3.

ಹೀಗೇಕೆ? ಮನೆಯ ಧೂಳಿನಲ್ಲಿ, ದೊಡ್ಡವರ ಕೈಯಲ್ಲಿ ಇರುವ ಆಹಾರದ ಕಣಗಳು ಮಗುವಿನ ಒಡೆದ ಚರ್ಮದ ಮೂಲಕ ಒಳಗೆ ಹೋದರೆ ದೇಹ ಅದನ್ನು ಶತ್ರು ಅಂತ ಗುರುತಿಸುತ್ತದೆ. ಅದೇ ಕಣ ಬಾಯಿಂದ, ಹೊಟ್ಟೆಯ ದಾರಿಯಲ್ಲಿ ಬಂದರೆ ಊಟ ಅಂತ ಗುರುತಿಸುತ್ತದೆ. ನಾವು ಬಾಯಿಯ ದಾರಿ ಮುಚ್ಚಿಟ್ಟು, ಚರ್ಮದ ದಾರಿ ತೆರೆದಿಟ್ಟಿದ್ದೆವು ಅನ್ನುವುದು ಈಗಿನ ತಿಳಿವಳಿಕೆ.

ಆದ್ದರಿಂದ ನೀವು ಮೊಟ್ಟೆ ಶುರು ಮಾಡಬಹುದು. ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿ, ಬಿಳಿ ಹಳದಿ ಎರಡನ್ನೂ ಹಿಸುಕಿ, ಮೊದಲ ದಿನ ಕಾಲು ಚಮಚ. ಬೆಳಿಗ್ಗೆ ಕೊಡಿ, ಸಂಜೆ ಬೇಡ. ಏನಾದರೂ ಆದರೆ ಹಗಲಿರಬೇಕು, ನೀವು ಎಚ್ಚರ ಇರಬೇಕು. ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಅದು ಸರಿಹೋದ ಮೇಲೆ ಕಡಲೆಕಾಯಿ. ಹುರಿದು ನುಣ್ಣಗೆ ಪುಡಿ ಮಾಡಿ ಗಂಜಿಗೆ ಬೆರೆಸಿ, ಅಥವಾ ಪೇಸ್ಟನ್ನು ಬಿಸಿನೀರಲ್ಲಿ ಕದಡಿ. ಇಡೀ ಬೀಜ ಮಾತ್ರ 5 ವರ್ಷದ ತನಕ ಬೇಡ. ಗಟ್ಟಿ ಪೇಸ್ಟನ್ನು ಚಮಚದಲ್ಲಿ ಹಾಗೇ ಕೊಡುವುದೂ ಬೇಡ, ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಒಮ್ಮೆ ಒಗ್ಗಿದ ಮೇಲೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಿ. ಒಂದು ಸಲ ಕೊಟ್ಟು ಆರು ತಿಂಗಳು ಮರೆತುಬಿಟ್ಟರೆ ಪ್ರಯೋಜನ ಇಲ್ಲ. ಬಾಯಿ ಸುತ್ತ ಸಣ್ಣಗೆ ಕೆಂಪಾದರೆ ಅದು ಬರೀ ಅಂಟಿದ್ದಕ್ಕಿರಬಹುದು. ಆದರೆ ತಿಂದ ಎರಡು ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದರೆ, ತುಟಿ ಕಣ್ಣು ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ ಆ ಪದಾರ್ಥ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ, ಮಗು ಜೋಲುಬಿದ್ದರೆ ಒಂದು ನಿಮಿಷವೂ ಕಾಯಬೇಡಿ, ತುರ್ತು ಚಿಕಿತ್ಸೆಗೆ ಓಡಿ. ಮಗಳಿಗೆ ಜೋರಾದ ಎಕ್ಸಿಮಾ ಇದ್ದರೆ, ಅಥವಾ ಮೊಟ್ಟೆಗೆ ಅಲರ್ಜಿ ಕಂಡುಬಂದರೆ, ಕಡಲೆಕಾಯಿಯನ್ನು ಮನೆಯಲ್ಲೇ ಶುರು ಮಾಡಬೇಡಿ. ಮೊದಲು ಡಾಕ್ಟರನ್ನು ಕೇಳಿ.

ನಾಲಿಗೆಯಿಂದ ಹೊರಗೆ ತಳ್ಳುವುದು ಬೇಡ ಅನ್ನುವುದರ ಗುರುತಲ್ಲ. ಹುಟ್ಟಿದ ಮಗುವಿನ ಬಾಯಿಗೆ ಗಟ್ಟಿ ಏನೇ ಬಂದರೂ ನಾಲಿಗೆ ತಾನಾಗಿ ಹೊರಗೆ ತಳ್ಳುತ್ತದೆ. ಅದು ಕಾವಲು. 4ರಿಂದ 6 ತಿಂಗಳಲ್ಲಿ ಈ ಕಾವಲು ಸಡಿಲವಾಗುತ್ತದೆ, ಕೆಲವರಿಗೆ ಸ್ವಲ್ಪ ತಡ. ಜೊತೆಗೆ, ಇಷ್ಟು ದಿನ ಚೀಪಿದ ನಾಲಿಗೆ ಮುಂದೆ ಹಿಂದೆ ಅಷ್ಟೇ ಆಡಿದೆ. ಊಟವನ್ನು ಹಿಂದಕ್ಕೆ ಸಾಗಿಸಿ ನುಂಗುವುದು ಅದಕ್ಕೆ ಹೊಸ ವಿದ್ಯೆ. ತಾಯಂದಿರು ಸಾಮಾನ್ಯವಾಗಿ ಮಾಡುವುದೇನು? ಚಮಚ ಒಳಗೆ ಹಾಕಿ ಮೇಲಿನ ಒಸಡಿಗೆ ಒರೆಸಿ ಸುರಿದುಬಿಡುತ್ತಾರೆ. ಹಾಗೆ ಮಾಡಿದರೆ ಮಗು ಏನೂ ಕಲಿಯುವುದಿಲ್ಲ. ಚಮಚದ ತುದಿಯಲ್ಲಿ ಸ್ವಲ್ಪವೇ ತೆಗೆದುಕೊಳ್ಳಿ, ಕೆಳತುಟಿಯ ಮೇಲೆ ಇಟ್ಟು ಸುಮ್ನೆ ಕಾಯಿರಿ. ಮಗು ತಾನಾಗಿ ತುಟಿ ಮುಚ್ಚಿ ಎಳೆದುಕೊಳ್ಳಲಿ. ಐದಾರು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ. ರುಚಿ ಒಗ್ಗುವುದಕ್ಕೂ ಸಮಯ ಬೇಕು. ಒಂದು ಹೊಸ ತರಕಾರಿಯನ್ನು ಎಂಟು ಹತ್ತು ಸಲ ಬಾಯಿಗೆ ಇಟ್ಟ ಮೇಲೆ ಒಪ್ಪುವ ಮಕ್ಕಳೇ ಜಾಸ್ತಿ. ನಾವೋ, ಮೂರನೇ ದಿನಕ್ಕೇ 'ಇವಳಿಗೆ ಕುಂಬಳಕಾಯಿ ಆಗಲ್ಲ' ಅಂತ ತೀರ್ಪು ಕೊಟ್ಟಿರುತ್ತೇವೆ.

ಬಾಟಲಿಯಲ್ಲಿ ಗಂಜಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಚೀಪುವ ವಿದ್ಯೆ ಅವಳಿಗೆ ಬರುತ್ತದೆ. ಕಲಿಯಬೇಕಾದದ್ದು ನುಂಗುವುದು, ಅಗಿಯುವುದು. ಅದಕ್ಕೆ ಒಂದು ಕಾಲ ಇದೆ. ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಗಂಟುಗಂಟಾದ ಊಟವನ್ನು 10 ತಿಂಗಳ ನಂತರ ಶುರು ಮಾಡಿದ ಮಕ್ಕಳು ಮುಂದೆ ಊಟಕ್ಕೆ ಜಾಸ್ತಿ ತಕರಾರು ಮಾಡಿದ್ದು ಕಂಡುಬಂತು. ಹಾಗಾಗಿ ಈಗ ನುಣುಪು, ಎರಡು ಮೂರು ವಾರದಲ್ಲಿ ಫೋರ್ಕಿನಿಂದ ಹಿಸುಕಿದ್ದು, 8-9 ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತುಂಡು. ಹಲ್ಲು ಬರಲಿ ಅಂತ ಕಾಯಬೇಡಿ. ಒಸಡು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ, ಬೇಕಾದರೆ ನಿಮ್ಮ ಬೆರಳು ಕೊಟ್ಟು ನೋಡಿ.

ಗಂಟಲಿಗೆ ಸಿಕ್ಕಿಕೊಳ್ಳುವ ಭಯ ನನಗೆ ಅರ್ಥವಾಗುತ್ತದೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಮಗು ಕಣ್ಣಲ್ಲಿ ನೀರು ತಂದುಕೊಂಡು, ನಾಲಿಗೆ ಚಾಚಿ, 'ಓ' ಅಂತ ಶಬ್ದ ಮಾಡಿ, ಕೆಮ್ಮಿ ಹೊರಗೆ ಹಾಕಿದರೆ ಅದು ಓಕರಿಕೆ. ನೋಡಲು ಭಯಂಕರ, ಆದರೆ ಅದೇ ರಕ್ಷಣೆ. ಈ ವಯಸ್ಸಿನಲ್ಲಿ ಓಕರಿಕೆಯ ಜಾಗ ನಾಲಿಗೆಯ ಮೇಲೆ ಮುಂದಕ್ಕೇ ಇರುತ್ತದೆ, ಅದಕ್ಕೇ ಸಣ್ಣದಕ್ಕೂ ಓಕರಿಸುತ್ತದೆ. ನೀವು ಗಾಬರಿಯಾಗಿ ಕಿರುಚದಿದ್ದರೆ ಮಗು ಅರ್ಧ ನಿಮಿಷದಲ್ಲಿ ಮರೆತು ಮತ್ತೆ ಬಾಯಿ ತೆರೆಯುತ್ತದೆ. ನಿಜವಾಗಿ ಉಸಿರು ಕಟ್ಟಿದಾಗ ಶಬ್ದವೇ ಇರುವುದಿಲ್ಲ. ಅಳು ಇಲ್ಲ, ಕೆಮ್ಮು ಇಲ್ಲ, ತುಟಿ ನೀಲಿಯಾಗುತ್ತದೆ. ಆಗ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ತೊಡೆಯ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ಅಂಗೈ ಬುಡದಿಂದ ಭುಜದ ಎಲುಬುಗಳ ನಡುವೆ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ 5 ಸಲ ಒತ್ತಿ. ಹೊರಬರುವ ತನಕ ಇದನ್ನೇ ಮಾಡುತ್ತಾ, ಇನ್ನೊಬ್ಬರಿಂದ ತುರ್ತು ಸಹಾಯಕ್ಕೆ ಕರೆ ಮಾಡಿಸಿ. ಮಗು ಪ್ರಜ್ಞೆ ತಪ್ಪಿದರೆ ಕೃತಕ ಉಸಿರಾಟ, ಎದೆ ಒತ್ತುವುದು ಬೇಕಾಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ಗೊಂಬೆಯ ಮೇಲೆ ಮಾಡಿ ಕಲಿಯುವುದು ಒಳ್ಳೆಯದು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೆಲ್ಲ ಕಲಿಯಲಿ.

ಅಪಾಯ ಮೆತ್ತಗೆ ಹಿಸುಕಿದ ಊಟದಲ್ಲಿಲ್ಲ. ಅಪಾಯ ಗುಂಡಗೆ, ಗಟ್ಟಿಯಾಗಿ, ಜಾರುವಂಥದ್ದರಲ್ಲಿ. ಇಡೀ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡದೆ ಕೊಡಬೇಡಿ. ಹಸಿ ಕ್ಯಾರೆಟ್, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಬೇಡವೇ ಬೇಡ. ತಿನ್ನುವಾಗ ಮಗು ನೆಟ್ಟಗೆ ಕೂತಿರಬೇಕು, ಮಲಗಿಸಿಕೊಂಡು ತಿನ್ನಿಸಬಾರದು. ಒಬ್ಬರು ಎದುರಿಗೇ ಇರಬೇಕು. ಅವರ ಕೈಯಲ್ಲಿ ಫೋನ್ ಇರಬಾರದು.

ಎಷ್ಟು ಅಂದಿರಿ. ಎದೆಹಾಲು ಚೆನ್ನಾಗಿ ಕುಡಿಯುವ ಮಗುವಿಗೆ 6-8 ತಿಂಗಳಲ್ಲಿ ಊಟದಿಂದ ಬರಬೇಕಾದದ್ದು ದಿನಕ್ಕೆ ಸುಮಾರು 200 ಕ್ಯಾಲೊರಿ, 9-11 ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550. ಈಗ ದಿನಕ್ಕೆ ಎರಡು ಮೂರು ಹೊತ್ತು. ಎರಡು ಮೂರು ಚಮಚದಿಂದ ಶುರು ಮಾಡಿ ನಿಧಾನವಾಗಿ ಅರ್ಧ ಬಟ್ಟಲಿಗೆ ಬನ್ನಿ. ಈ ಅಂಕಿಗಳು ದಾರಿ ತೋರಿಸಲು, ಮಗುವಿನ ಬಾಯಿಗೆ ತುರುಕಲು ಅಲ್ಲ. ಅವಳು ಮುಖ ತಿರುಗಿಸಿದರೆ, ಬಾಯಿ ಬಿಗಿದರೆ ಅಲ್ಲಿಗೆ ಊಟ ಮುಗಿಯಿತು. ಹಾಲನ್ನು ಕಡಿಮೆ ಮಾಡಬೇಡಿ, ಅವಳಿಗೆ ಬೇಕಾದಾಗಲೆಲ್ಲ ಕುಡಿಸಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಜೇನುತುಪ್ಪ ವರ್ಷದೊಳಗೆ ಒಂದು ಹನಿಯೂ ಬೇಡ. ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣ ಇರಬಹುದು, ಮಗುವಿನ ಕರುಳಲ್ಲಿ ಅದು ಬೆಳೆದು ಸ್ನಾಯುಗಳನ್ನೇ ಸಡಿಲ ಮಾಡುತ್ತದೆ. ಕುದಿಸಿದರೂ ಆ ಬೀಜಕಣ ಸಾಯುವುದಿಲ್ಲ. ಹಸುವಿನ ಹಾಲನ್ನು ಅಡುಗೆಗೆ ಸ್ವಲ್ಪ ಬಳಸಬಹುದು, ಮೊಸರು ಕೊಡಬಹುದು. ಎದೆಹಾಲಿನ ಬದಲು ಲೋಟಗಟ್ಟಲೆ ಕುಡಿಸುವುದು ಈಗ ಬೇಡ. ಅದರಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು. ಉಪ್ಪು, ಸಕ್ಕರೆ ಹಾಕದೆ ಕೊಡಿ. ನಿಮಗೆ ಸಪ್ಪೆ ಅನ್ನಿಸುತ್ತದೆ, ಅವಳಿಗೆ ಹೋಲಿಸಲು ಬೇರೆ ರುಚಿ ಗೊತ್ತೇ ಇಲ್ಲ. ಕುದಿಸಿ ಆರಿಸಿದ ನೀರು ಊಟದ ಜೊತೆ ಒಂದೆರಡು ಗುಟುಕು ಸಾಕು. ಬಟ್ಟಲಲ್ಲಿ ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡಬೇಡಿ, ಎಂಜಲು ಚಮಚ ಅದರಲ್ಲಿ ಆಡಿರುತ್ತದೆ. ಮಲದ ಬಣ್ಣ, ವಾಸನೆ ಬದಲಾಗುತ್ತದೆ, ಕ್ಯಾರೆಟ್ ತುಣುಕು ಹಾಗೇ ಕಾಣುತ್ತದೆ. ಅದು ಅಜೀರ್ಣವಲ್ಲ.

ಆದರೆ ಕೆಲವಕ್ಕೆ ತಡ ಮಾಡಬಾರದು. ಮಲದಲ್ಲಿ ರಕ್ತ, ತೂಕ ಇಳಿಯುವುದು ಅಥವಾ ಎರಡು ತಿಂಗಳು ಒಂದೇ ಕಡೆ ನಿಲ್ಲುವುದು, ಪ್ರತಿ ಊಟಕ್ಕೂ ಕೆಮ್ಮು, ಮುಖ ಬಿಳಿಚಿಕೊಂಡು ಮಂಕಾಗುವುದು ಕಂಡರೆ ತೋರಿಸಿ. ಇನ್ನೊಂದು ಅಪರೂಪದ್ದು ಇದೆ: ಒಂದು ಪದಾರ್ಥ ತಿಂದು ಒಂದರಿಂದ ನಾಲ್ಕು ಗಂಟೆ ಆದ ಮೇಲೆ ಮಗು ಮತ್ತೆ ಮತ್ತೆ ವಾಂತಿ ಮಾಡಿ ಸುಸ್ತಾಗಿ ಬೀಳುವುದು. ಮೈಮೇಲೆ ಗಂಧೆ ಇರುವುದಿಲ್ಲವಾದ್ದರಿಂದ ಅಲರ್ಜಿ ಅಂತ ಯಾರಿಗೂ ಹೊಳೆಯುವುದಿಲ್ಲ. ಅಕ್ಕಿ, ಹಾಲಿನಿಂದಲೂ ಇದು ಬರಬಹುದು. ಆ ದಿನ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿನ್ನಿಸಿದಿರಿ, ಎಷ್ಟು ಹೊತ್ತಿಗೆ ಅನ್ನುವುದನ್ನು ಮರೆಯದೆ ಹೇಳಿ.

ಕೊನೆಗೆ ರಾತ್ರಿಯ ಗಂಜಿ. ಲಂಡನ್ನಿನಲ್ಲಿ 1,303 ಎದೆಹಾಲು ಕುಡಿಯುವ ಮಕ್ಕಳ ಮೇಲೆ ಇದನ್ನೂ ನೋಡಿದ್ದಾರೆ. 3 ತಿಂಗಳಿಂದಲೇ ಊಟ ಶುರು ಮಾಡಿದ ಮಕ್ಕಳು ನಿದ್ದೆ ಜಾಸ್ತಿ ಮಾಡಿದ್ದು ನಿಜ ಅಂತ 2018ರಲ್ಲಿ ಪ್ರಕಟವಾಯಿತು. ಎಷ್ಟು ಜಾಸ್ತಿ ಅಂದರೆ, 6ನೇ ತಿಂಗಳಲ್ಲಿ ರಾತ್ರಿಗೆ ಸುಮಾರು 17 ನಿಮಿಷ. ಮಗಳಿಗೆ ರಾತ್ರಿಯೂ ಚಮಚದಲ್ಲಿ, ಹಸಿವಿರುವಷ್ಟು ಕೊಡಿ. ಅವಳು ಎದ್ದಾಗ ನೀವು ಏಳುವುದಂತೂ ಇನ್ನು ಕೆಲವು ತಿಂಗಳು ಇದ್ದದ್ದೇ. ಒಂದೊಂದು ರಾತ್ರಿ ಅವಳ ಅಪ್ಪನನ್ನೂ ಎಬ್ಬಿಸಿ.